ಪುಂಡಿ ನೆನೆದ ಹಳ್ಳ

ನೀರಿನ ಪರೀಕ್ಷೆ ಎಂದರೆ ಬಿಳಿ ಕೋಟು, ಗಾಜಿನ ನಳಿಕೆ, ಹನಿ ಹನಿಯಾಗಿ ಬೀಳುವ ಔಷಧ ಎಂದು ತಿಳಿದು ಈ ಕೆಲಸಕ್ಕೆ ಬರುವ ಮಕ್ಕಳನ್ನು ಕಂಡರೆ ನನಗೆ ನಗು ಬರುತ್ತದೆ. ಇದು ಮೊದಲು ಕಾಲಿನ ಕೆಲಸ, ಆಮೇಲೆ ಮೂಗಿನ ಕೆಲಸ, ಉಳಿದದ್ದು ನಳಿಕೆಯ ಕೆಲಸ. ಸೊಲ್ಲಾಪುರದ ಒಂದು ಸರಕಾರಿ ಪ್ರಯೋಗಶಾಲೆಯಲ್ಲಿ ಹೊಳೆ, ಕೆರೆ, ಬಾವಿಗಳ ನೀರನ್ನು ತಪಾಸಣೆ ಮಾಡುತ್ತ ನಾನು ವಯಸ್ಸು ಕಳೆದವಳು. ಹೆಸರು ಶಕುಂತಲಾ. ಹೊರಗೆ ಎಲ್ಲರೂ ಮ್ಯಾಡಮ್ ಎಂದು ಕರೆದರು, ಮನೆಯಲ್ಲಿ ಒಬ್ಬರೂ ಕರೆಯಲಿಲ್ಲ. ಬಡ್ತಿಯ ಸುದ್ದಿ ಇಲ್ಲಿ ಬರೆಯುವುದಿಲ್ಲ. ಬಡ್ತಿ ಸಿಕ್ಕಾಗ ಪೇಢೆ ಹಂಚಿದ್ದೆ, ತಿಂದವರೆಲ್ಲ ಮರೆತಿದ್ದಾರೆ. ಈಗ ಈ ಕೆಲಸಕ್ಕೆ ಸೇರುವವರಿಗೆ ಉಪಯೋಗಕ್ಕೆ ಬರಬಹುದಾದದ್ದು ತೊಂಬತ್ತರ ದಶಕದಲ್ಲಿ ಅಕ್ಕಲಕೋಟದ ಕಡೆ ನಡೆದ ಒಂದು ಪ್ರಕರಣ. ಅದನ್ನೇ ಹೇಳುತ್ತೇನೆ. ನಡುವೆ ಅತ್ತಿತ್ತ ಹೋದರೆ ಸಹಿಸಿಕೊಳ್ಳಿ.

ನಮ್ಮದು ಪೇಟೆಯ ಮನೆತನ. ತಂದೆ ಕೋರ್ಟಿನಲ್ಲಿ ಕಾರಕೂನರಾಗಿದ್ದರು. ಹೊಳೆ ಎಂದರೆ ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಕೂಡಲದ ಸಂಗಮಕ್ಕೆ ಹೋಗಿ, ಕಾಲು ತೊಳೆದು, ಶೇಂಗಾ ಹೋಳಿಗೆ ತಿಂದು ಬರುವ ಜಾಗ ಎಂದಷ್ಟೇ ನನಗೆ ಗೊತ್ತಿತ್ತು. ಹೊಲದಲ್ಲಿ ಏನು ಬೆಳೆಯುತ್ತದೆ ಎಂಬುದು ತಾಟಿಗೆ ಬಂದ ಮೇಲೆಯೇ ತಿಳಿಯುತ್ತಿತ್ತು. ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದವು, ಪ್ರಯೋಗಶಾಲೆಯಲ್ಲಿ ಜಾಗ ಖಾಲಿ ಇತ್ತು, ಹೋಗಿ ಕುಳಿತೆ.

ನಮ್ಮ ಮೇಲಿನ ಅಧಿಕಾರಿ ಜೋಶಿ ಸಾಹೇಬರು. ಕಚೇರಿಯೊಳಗೆ ಶುದ್ಧ ಮರಾಠಿ ಮಾತಾಡುತ್ತಿದ್ದರು. ಜೀಪು ಊರಿನ ಜಕಾತಿ ನಾಕೆ ದಾಟಿದ ಕೂಡಲೇ ಅವರಿಗೂ, ನನಗೂ, ಡ್ರೈವರ್ ಮೆಹಬೂಬನಿಗೂ ತಾನಾಗಿಯೇ ಕನ್ನಡ ಬರುತ್ತಿತ್ತು. ವಾಪಸು ಬರುವಾಗ ಅದೇ ನಾಕೆಯಲ್ಲಿ ಮರಾಠಿ ಹತ್ತಿ ಕುಳಿತುಕೊಳ್ಳುತ್ತಿತ್ತು. ಸಾಹೇಬರು ಬಹಳ ಸಂಭಾವಿತರು, ಅದಕ್ಕಿಂತ ಹೆಚ್ಚಾಗಿ ಅಂಜುಬುರುಕರು. ಸಹಿ ಮಾಡುವ ಮೊದಲು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆಯುತ್ತಿದ್ದರು. ಮೂರನೆಯ ಸಲ ತೆಗೆದರೆ ಕೆಲಸ ಆಯಿತೆಂದು ನಾವು ತಿಳಿಯಬೇಕು. ಆದರೆ ಈ ಕೆಲಸದ ಮೊದಲ ಪಾಠ ಕಲಿಸಿದವರೂ ಅವರೇ. ನಾನು ನಕಾಶೆಯಲ್ಲಿ ಬೋರಿ ಹೊಳೆಯ ನೀಲಿ ಗೆರೆಯ ಮೇಲೆ ಬೆರಳಾಡಿಸುತ್ತ ಕುಳಿತಾಗ ಹತ್ತಿರ ಬಂದು ಹೇಳಿದ್ದರು:

"ಹೊಳಿ ನೋಡಬ್ಯಾಡ್ರಿ ಮ್ಯಾಡಮ್, ಪರಾತ ನೋಡ್ರಿ. ನಡುವ ಸ್ವಚ್ಛ ಇಟ್ಟು ಏನುಪಯೋಗ? ಪರಾತದ ಅಂಚಿಗೆ ಏನ ಚೆಲ್ಲಿದ್ರೂ ಜಾರಿ ನಡುವಕ್ಕ ಬರ್ತದ."

ಹಿಟ್ಟು ನಾದುವ ಪರಾತ ಕಾಣದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತು. ಬೋರಿಗೆ ಕುರನೂರಿನಲ್ಲಿ ಆಣೆಕಟ್ಟು ಇದೆ. ಅಕ್ಕಲಕೋಟ ಊರಿನವರು ಕುಡಿಯುವುದು ಆ ನೀರನ್ನೇ. ಆಣೆಕಟ್ಟಿಗೆ ಎಷ್ಟು ಹಳ್ಳಗಳು ಬಂದು ಸೇರುತ್ತವೆ, ಆ ಹಳ್ಳಗಳ ದಂಡೆಗೆ ಎಲ್ಲಿ ಬಣ್ಣ ಹಾಕುವ ಕಾರಖಾನೆ, ಎಲ್ಲಿ ಬೆಲ್ಲದ ಗಾಣ, ಎಲ್ಲಿ ಊರ ಗಟಾರು, ಎಲ್ಲಿ ದನ ತೊಳೆಯುತ್ತಾರೆ ಎಂದು ನಕಾಶೆಯ ಮೇಲೆ ಗುರುತು ಹಾಕುವುದು ನನ್ನ ಪಾಲಿಗೆ ಬಂತು. ಎಲ್ಲ ಹಾಕಿದ್ದೇನೆ ಎಂದು ನನಗೆ ಬಹಳ ಹೆಮ್ಮೆ ಇತ್ತು.

ಆ ದಿಕ್ಕಿನ ನೀರಿನ ನಮೂನೆ ತರಲು ನಾವು ಹೋಗುತ್ತಿದ್ದದ್ದು ಗುರುವಾರ. ಎಷ್ಟೋ ವರ್ಷಗಳಿಂದ ಗುರುವಾರವೇ. ಯಾಕೆಂದು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಗುರುವಾರ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಒಳ್ಳೆಯ ದಿನ. ಹಳ್ಳದಲ್ಲಿ ಬಾಟಲಿ ತುಂಬಿಸು, ಗುಡಿಗೆ ಹೋಗು, ಪ್ರಸಾದದ ಊಟ ಮಾಡು, ಸಂಜೆಯೊಳಗೆ ಮನೆಗೆ ಬಾ. ಕಚೇರಿಯ ಲೆಕ್ಕಪತ್ರದವರು ಸಹ 'ನೀರು ನೋಡಲು' ಜೀಪು ಹತ್ತುತ್ತಿದ್ದರು.

ಗುರುವಾರದ ನೀರು ಮಾತ್ರ ಯಾವಾಗಲೂ ಚೊಕ್ಕ. ಒಂದು ಹಳ್ಳದ ದಂಡೆಗೆ ಸೊಲ್ಲಾಪುರದ ವೀರಭದ್ರಪ್ಪ ಶೆಟ್ಟರ ಬಣ್ಣದ ಕಾರಖಾನೆ ಇತ್ತು. ಹಳೆಯ ಬಟ್ಟೆ ವ್ಯಾಪಾರದ ಮನೆತನದವರು, ಚಾದರಿನ ನೂಲಿಗೆ ಬಣ್ಣ ಹಾಕಿಸುತ್ತಿದ್ದರು. ಆ ಕಾರಖಾನೆಯ ಕೆಳಗಿನ ಹಳ್ಳದ ನೀರು ನಮ್ಮ ಮನೆಯ ನಲ್ಲಿಯ ನೀರಿಗಿಂತ ಒಳ್ಳೆಯದೆಂದು ನನ್ನದೇ ಪರೀಕ್ಷೆ ಹೇಳುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಸಂಶಯ ಬಂತು. ಬೇರೆ ದಿನ ಹೋಗುತ್ತೇನೆಂದರೆ ಜೀಪು ಇಲ್ಲ ಎಂದರು. ಒಂದು ಸೋಮವಾರ ಬಾಟಲಿಗಳನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಎಸ್.ಟಿ. ಬಸ್ಸು ಹತ್ತಿದೆ.

ಹಳ್ಳ ಅಂದು ಕೆಂಪಾಗಿ ಹರಿಯುತ್ತಿತ್ತು. ನಾನು ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವುದರೊಳಗೆ ನೀಲಿಯಾಯಿತು. ಎರಡೂ ಬಣ್ಣ ಹಿಡಿದುಕೊಂಡು ತಿರುಗಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಮಂದ್ರೂಪದ ಕಡೆಯ ಒಬ್ಬ ಅಜ್ಜಿ ಕುಳಿತಿದ್ದಳು. ಚೀಲದೊಳಗಿನ ಬಾಟಲಿಯನ್ನೂ ನಾನು ಅದನ್ನು ತೊಡೆಯ ಮೇಲೆ ಜೋಪಾನ ಹಿಡಿದದ್ದನ್ನೂ ನೋಡಿ ಕೈ ಮುಗಿದಳು.

"ಅಕ್ಕಲಕೋಟದ ತೀರ್ಥ ಏನವಾ? ಒಂದೀಟ ನನ್ನ ಕೈಯಾಗೂ ಹಾಕ."

"ತೀರ್ಥ ಅಲ್ಲಬೇ ಆಯಿ, ಇದು ಹೊಲಸ ನೀರು."

"ಹಾಂಗ ಅನಬಾರದು," ಎಂದು ಆಕೆ ನನಗೇ ಸಿಟ್ಟಿನಿಂದ ಬೈದು, ಅಂಗೈ ಚಾಚಿಯೇ ಕುಳಿತಳು. ಬಾಟಲಿ ಹೊರಗೆ ತೆಗೆದು ಬಣ್ಣ ತೋರಿಸಿದೆ. "ಗುಲಾಲ ಹಾಕ್ಯಾರೇನು?" ಎಂದಳು. ಸೊಲ್ಲಾಪುರ ಮುಟ್ಟುವವರೆಗೂ ನಾನು ಜಿಪುಣಿ ಎಂದೇ ಆಕೆ ನಂಬಿದ್ದಳು.

ಶೆಟ್ಟರನ್ನು ಕಚೇರಿಗೆ ಕರೆಸಿದೆವು. ಬಿಳಿ ಧೋತರ, ಮೇಲೆ ಕರಿ ಕೋಟು, ಹಣೆಗೆ ವಿಭೂತಿ. ಎರಡೂ ಬಾಟಲಿ ನೋಡಿದರು, ಮುಖ ಒಂದಿಷ್ಟೂ ಕೆಡಲಿಲ್ಲ.

"ಗುರುವಾರ ನಾವು ಬಣ್ಣದ ನೀರ ಬಿಡಾಂಗಿಲ್ರಿ. ಸ್ವಾಮಿ ದಿನ ಅಲ್ಲೇನ್ರಿ," ಎಂದರು.

ಜೋಶಿ ಸಾಹೇಬರಿಗೇ ನಗು ತಡೆಯಲಾಗಲಿಲ್ಲ. ಆದರೂ ನೋಟೀಸು ಹೋಯಿತು. ಶೆಟ್ಟರು ಒಂದು ವರ್ಷ ನನ್ನನ್ನು ಶಪಿಸುತ್ತ ನೀರು ತಿಳಿಗೊಳಿಸುವ ದೊಡ್ಡ ಟಾಕಿಗಳನ್ನು ಕಟ್ಟಿಸಿದರು. ಸುಣ್ಣ ಹಾಕಿ, ಗಸಿ ಕೂಡ್ರಿಸಿ, ತಿಳಿಯಾದ ನೀರನ್ನು ತಮ್ಮದೇ ಹೊಲದ ಗಿಡಗಳಿಗೆ ಬಿಡುವ ವ್ಯವಸ್ಥೆ ಆಯಿತು. ಅಲ್ಲಿನ ಕೆಲಸಗಾರರು ಅದಕ್ಕೆ 'ಮ್ಯಾಡಮ್ ಟಾಕಿ' ಎಂದು ಹೆಸರಿಟ್ಟಿದ್ದರಂತೆ. ನಮ್ಮ ಕಚೇರಿಯಲ್ಲೂ ಪದ್ಧತಿ ಬದಲಾಯಿತು. ಯಾವ ದಿನ ಯಾವ ಹಳ್ಳ ಎಂದು ಚೀಟಿ ಎತ್ತಿ ಹೋಗತೊಡಗಿದೆವು. ಗುರುವಾರದ ದರ್ಶನ ತಪ್ಪಿಸಿದೆ ಎಂದು ಲೆಕ್ಕಪತ್ರದವರು ನನ್ನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ನಾನು ಮಾತ್ರ ಜಿಲ್ಲೆಯಲ್ಲೆಲ್ಲ 'ಶೆಟ್ಟರನ್ನು ಹಿಡಿದ ಮ್ಯಾಡಮ್' ಆಗಿಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಹೆಸರು ನನಗೆ ಹಿತವಾಗಿತ್ತು.

ಕೆಲವು ವರ್ಷಗಳ ನಂತರ, ದೀಪಾವಳಿ ಹತ್ತಿರ ಬಂದಾಗ, ಒಬ್ಬ ಹೆಂಗಸು ನಮ್ಮ ಕಚೇರಿಗೆ ಬಂದು ಜೋಶಿ ಸಾಹೇಬರ ಮೇಜಿನ ಮೇಲೆ ಒಂದು ಬುಟ್ಟಿ ಇಟ್ಟಳು. ಬುಟ್ಟಿಯ ತುಂಬ ಸತ್ತ ಮೀನು. ಆಕೆ ಕುರನೂರಿನ ಗಂಗವ್ವ. ಆಣೆಕಟ್ಟಿನ ಹಿನ್ನೀರಿನಲ್ಲಿ ಬಲೆ ಹಾಕಿ ಬದುಕುವ ಮನೆಯವಳು.

"ನೋಡ್ರಿ ಸಾಹೇಬ್ರ. ನೀರ ಕರ್ರಗ ಆಗೇತಿ. ಮೀನ ಬಾಯಿ ತಕ್ಕೊಂಡು ಮ್ಯಾಲ ಬಂದು ಸಾಯಾಕತ್ತಾವ. ಆ ಬಣ್ಣದ ಶೆಟ್ಟ ನಮ್ಮ ಹೊಟ್ಟಿ ಮ್ಯಾಲ ಹೊಡದಾನ."

"ಮೊದಲ ಬುಟ್ಟಿ ಕೆಳಗ ಇಡವಾ ತಾಯಿ," ಎಂದರು ಸಾಹೇಬರು, ಮೂಗಿಗೆ ಕರವಸ್ತ್ರ ಹಿಡಿದು.

"ಇಡಾಂಗಿಲ್ರಿ. ನಮಗ ಬರೂ ವಾಸನಿ ನಿಮಗೂ ಒಂದೀಟ ಬರ್ಲಿ."

ಅದರ ಹಿಂದೆಯೇ ಅಕ್ಕಲಕೋಟದಿಂದ ತಕರಾರುಗಳು ಬರತೊಡಗಿದವು. ನಲ್ಲಿಯ ನೀರು ನಾರುತ್ತದೆ, ಕಾಯಿಸಿದರೂ ವಾಸನೆ ಹೋಗುವುದಿಲ್ಲ, ಗುಡಿಗೆ ಬಂದ ಭಕ್ತರಿಗೆ ಕುಡಿಯಲು ಕೊಡಲು ನಾಚಿಕೆಯಾಗುತ್ತದೆ. ಮೇಲಿನವರು ಫೋನು ಮಾಡಿ ಯಾರದು ತಪ್ಪು ಎಂದು ಕೇಳಲಿಲ್ಲ, ಶೆಟ್ಟರ ಕಾರಖಾನೆಗೆ ಬೀಗ ಯಾವಾಗ ಎಂದೇ ಕೇಳಿದರು. ಆದೇಶ ಬರೆದು ಸಿದ್ಧವಾಯಿತು. ಬಾಕಿ ಇದ್ದದ್ದು ನನ್ನ ಪರೀಕ್ಷೆಯ ವರದಿ. ಅದು ಬಂದರೆ ಸಾಹೇಬರು ಸಹಿ ಮಾಡುವುದು, ಬೀಗ ಬೀಳುವುದು. ಸೊಲ್ಲಾಪುರದಿಂದ ಹೋಗಿ ಅಲ್ಲೇ ನೆಲೆಸಿದ್ದ ಬಣ್ಣಗಾರರ ಮನೆಗಳಿಗೆ ಹಬ್ಬದ ಮುಂದೆ ಕೆಲಸ ಇಲ್ಲವಾಗುವುದು.

ಶೆಟ್ಟರು ತಾವೇ ಬಂದರು. ಈ ಸಲ ಮುಖ ಕೆಟ್ಟಿತ್ತು.

"ಮ್ಯಾಡಮ್, ಆವಾಗ ನಾ ತಪ್ಪ ಮಾಡಿದ್ದೆ, ನೀವು ಹಿಡದ್ರಿ, ನಾ ಒಪ್ಪಿಕೊಂಡೆ. ಈ ಸಲ ಖರೇನ ನಂದೇನೂ ಇಲ್ಲ. ನಿಮ್ಮ ಟಾಕಿ ನೀವ ಬಂದು ನೋಡ್ರಿ."

"ಎಲ್ಲಾರೂ ಹಿಂಗ ಹೇಳತಾರ್ರಿ ಶೆಟ್ಟರ."

"ಬೀಗ ಹಾಕ್ತೀರಿ, ಹಾಕ್ರಿ. ನಾಳಿ ತಗೀತೀರಿ. ಆದ್ರ ಕುರನೂರಿನ ಮಂದಿ ನನ್ನ ಬಾಗಲಕ್ಕ ಬಂದು ಹಳ್ಳದ ಕರಿನೀರ ಉಗ್ಗಿ ಹೋಗ್ಯಾರ. ನಮ್ಮಪ್ಪ, ನಮ್ಮಜ್ಜ ಯಾರ ಬಾಗಲಕ್ಕೂ ಹಾಂಗ ಆಗಿರಲಿಲ್ಲ. ಅದನ್ನ ಯಾರ ತಗೀತಾರ?"

ನನಗೆ ಮರುಕ ಬರಲಿಲ್ಲ. ಒಮ್ಮೆ ಗುರುವಾರದ ನಾಟಕ ಆಡಿದ ಮನುಷ್ಯ, ಇದು ಇನ್ನೊಂದು ನಾಟಕ ಎಂದುಕೊಂಡೆ. ಮರುದಿನ ಹಳ್ಳಕ್ಕೆ ಹೋದೆ.

ನೀರಿನಲ್ಲಿ ಗಾಳಿ ಕರಗಿರುತ್ತದೆ, ಮೀನು ಉಸಿರಾಡುವುದು ಅದನ್ನೇ. ಅದು ಎಷ್ಟಿದೆ ಎಂದು ನೋಡಲು ದಂಡೆಯ ಮೇಲೇ ಬಾಟಲಿಗೆ ಎರಡು ಔಷಧ ಹಾಕಬೇಕು. ಗಾಳಿ ಇದ್ದರೆ ಒಳಗೆ ಕಂದು ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಬೆಳ್ಳಗೆ ಉಳಿಯುತ್ತದೆ. ಅಂದು ಒಳಗೆ ಹಾಲು ಒಡೆದಂತೆ ಬೆಳ್ಳಗಾಯಿತು. ಅಂಥ ನೀರಿನಲ್ಲಿ ಮೀನಿನ ಮರಿಯೂ ಬದುಕುವುದಿಲ್ಲ. ಇಲ್ಲಿಯವರೆಗೆ ಎಲ್ಲವೂ ನಾನು ಅಂದುಕೊಂಡಂತೆಯೇ ಇತ್ತು. ಪ್ರಯೋಗಶಾಲೆಗೆ ಬಂದ ಮೇಲೆ ಕೆಟ್ಟಿತು. ನೂಲಿಗೆ ಬಣ್ಣ ಹತ್ತಲು ಉಪ್ಪು ಬೇಕು, ಸೋಡಾ ಬೇಕು, ಅದೂ ಗೋಣಿಗಟ್ಟಲೆ. ಬಣ್ಣದ ಕಾರಖಾನೆಯ ನೀರು ಹಳ್ಳಕ್ಕೆ ಬಿದ್ದಿದ್ದರೆ ಆ ನೀರಿಗೆ ಉಪ್ಪು ಏರಿರಬೇಕು, ಸೋಡಾದ ಗುಣ ಬಂದಿರಬೇಕು. ಇದರಲ್ಲಿ ಉಪ್ಪು ಸಾದಾ ಹೊಳೆಯ ನೀರಿನಷ್ಟೇ ಇತ್ತು. ಸೋಡಾದ ಬದಲು ಹುಳಿ ಇತ್ತು.

ಔಷಧ ಕೆಟ್ಟಿರಬೇಕೆಂದು ಹೊಸ ಶೀಸೆ ಒಡೆದೆ. ನಳಿಕೆ ತೊಳೆದು ಮತ್ತೆ ಮಾಡಿದೆ. ಅದೇ ಉತ್ತರ. ನನಗೆ ಸಿಟ್ಟು ಬಂತು, ನೀರಿನ ಮೇಲಲ್ಲ, ಶೆಟ್ಟರ ಮೇಲೆ. ಇಷ್ಟು ಅನುಕೂಲವಾಗಿ ಅಪರಾಧಿಯಾಗಿದ್ದ ಮನುಷ್ಯ ಯಾಕೆ ನಿರಪರಾಧಿಯಾಗಬೇಕು ಎಂದು.

ಜೋಶಿ ಸಾಹೇಬರಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು.

"ಮ್ಯಾಡಮ್, ಅವರನ್ನ ಹಿಡದವರೂ ನೀವ, ಈಗ ಬಿಡಸವರೂ ನೀವ. ಮಂದಿ ಏನಂತಾರ ಗೊತ್ತದ ಏನು?"

"ಶೆಟ್ಟರ ಕಡಿಂದ ನಮಗ ಚಾದರ ಬಂದಾವ ಅಂತಾರ್ರಿ."

"ಮತ್ತ?"

"ಅನ್ಲಿ ಬಿಡ್ರಿ. ಬೀಗ ಹಾಕಿದ ಮ್ಯಾಲೂ ನೀರ ಕರ್ರಗ ಉಳೀತು ಅಂದ್ರ ಏನಂತಾರ, ಅದನ್ನ ವಿಚಾರ ಮಾಡ್ರಿ ಸಾಹೇಬ್ರ. ಅಕ್ಕಲಕೋಟದ ಮಂದಿ ಆ ನೀರ ಇನ್ನೂ ಕುಡೀತಾರ."

ಅವರು ಮುಚ್ಚಳವನ್ನು ಮತ್ತೊಮ್ಮೆ ತೆಗೆದು ಹಾಕಿದರು. ಆಮೇಲೆ ಪೆನ್ನು ಜೇಬಿನಲ್ಲಿಟ್ಟುಕೊಂಡು, "ಹಬ್ಬದ ತನಕ ಸಹಿ ಮಾಡೂದಿಲ್ಲ. ಅಷ್ಟರೊಳಗ ನನಗ ಬ್ಯಾರೆ ಉತ್ತರ ತಂದು ಕೊಡ್ರಿ," ಎಂದರು. ಮೇಲಿನವರ ಫೋನುಗಳನ್ನು ಆ ದಿನಗಳಲ್ಲಿ ಅವರು ಹೇಗೆ ತಡೆದುಕೊಂಡರೋ ನನಗೆ ತಿಳಿಯದು. ಆ ಅಂಜುಬುರುಕ ಮನುಷ್ಯನಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಕುರನೂರಿಗೆ ಹೋದಾಗ ಗಂಗವ್ವ ದಾರಿಗೆ ಅಡ್ಡ ನಿಂತಳು. ಶೆಟ್ಟರನ್ನು ನಾನು ಬಿಡಿಸುತ್ತಿದ್ದೇನೆ ಎಂಬ ಸುದ್ದಿ ನನಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು.

"ನಾನೂ ಬರ್ತೀನಿ. ಸುಳ್ಳ ಬರಿಯೂದಿದ್ರ ನನ್ನ ಕಣ್ಣ ಮುಂದ ಬರೀರಿ."

"ಬಾ ಗಂಗವ್ವ. ಬಾಟಲಿ ಹಿಡಿಯಾಕ ಒಬ್ರು ಬೇಕಾಗಿತ್ತು."

ಹಿನ್ನೀರಿನಿಂದ ಹಳ್ಳ ಹಿಡಿದು ಮೇಲಕ್ಕೆ ನಡೆಯುತ್ತ ಹೋದೆವು. ಜಾಲಿಯ ಮುಳ್ಳು, ಕರಿಮಣ್ಣಿನ ಕೆಸರು. ಮೆಹಬೂಬ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಬರುತ್ತ ತನ್ನ ಹೊಸ ಚಪ್ಪಲಿಯ ಬಗ್ಗೆ ದುಃಖ ಪಡುತ್ತಿದ್ದ. ಶೆಟ್ಟರ ಕಾರಖಾನೆಯ ಕೆಳಗೆ ನೀರು ತೆಗೆದೆ, ಬೆಳ್ಳಗಾಯಿತು. ಗಂಗವ್ವ ನನ್ನ ಮುಖ ನೋಡಿ 'ಹೇಳಿದ್ನಿಲ್ಲ' ಎನ್ನುವಂತೆ ತಲೆಯಾಡಿಸಿದಳು. ಹಳ್ಳದ ಕಡೆಗಿನ ಕಾರಖಾನೆಯ ಪೈಪು ಒಣಗಿ, ಬಾಯಿಗೆ ಜೇಡ ಬಲೆ ಕಟ್ಟಿತ್ತು. ಕಾರಖಾನೆ ದಾಟಿ ಮೇಲೆ ಹೋಗಿ ಮತ್ತೆ ನೀರು ತೆಗೆದೆ. ಅದೂ ಬೆಳ್ಳಗಾಯಿತು.

ಗಂಗವ್ವ ಬಾಟಲಿಯನ್ನು ತನ್ನ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಕಾರಖಾನಿ ಕೆಳಗ ಉಳೀತಲ್ರಿ?"

"ಉಳೀತು."

"ಮತ್ತ ನೀರೇನ ಏರ ಹತ್ತತೈತೇನು?"

"ಹತ್ತೂದಿಲ್ಲ ಗಂಗವ್ವ."

ಆಕೆ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟಳು. ನಾವು ಇನ್ನೂ ಮೇಲಕ್ಕೆ ನಡೆದೆವು. ಹಳ್ಳ ತಿರುಗುವಲ್ಲಿ ನಿಂತ ನೀರಿನ ಮಡುಗಳಿದ್ದವು. ಅವುಗಳಲ್ಲಿ ಉದ್ದುದ್ದ ಕಟ್ಟಿಗೆಯ ಸಿವುಡುಗಳನ್ನು ಒತ್ತಾಗಿ ಮಲಗಿಸಿ, ಮೇಲೆ ಕಲ್ಲು ಹೇರಿದ್ದರು. ಒಂದು ಮಡುವಲ್ಲ, ಕಣ್ಣು ಹೋಗುವವರೆಗೂ ಮಡುವಿನ ಮೇಲೆ ಮಡು. ನೀರು ಹೊಗೆಸೊಪ್ಪಿನ ಕಷಾಯದಂತೆ ಕಪ್ಪಾಗಿ, ಒಳಗಿನಿಂದ ಗುಳ್ಳೆಗಳು ಏಳುತ್ತಿದ್ದವು. ಮೇಜಿನ ಮೇಲಿನ ಬುಟ್ಟಿಯ ವಾಸನೆಗಿಂತ ಇದು ಗಡುಸಾಗಿತ್ತು.

"ಇದೇನಿದು?" ಎಂದೆ.

"ಪುಂಡಿರಿ. ಪುಂಡಿ ಪಲ್ಯ ಉಣ್ಣೂದಿಲ್ಲೇನ್ರಿ ನೀವು?"

ಉಣ್ಣದೆ ಏನು? ಹುಟ್ಟಿದಂದಿನಿಂದ ಜೋಳದ ರೊಟ್ಟಿಯ ಜೊತೆ ಉಂಡಿದ್ದೇನೆ. ಎಲೆ ನಮ್ಮ ಮನೆಗೆ ಬರುತ್ತಿತ್ತು, ದಂಟು ಎಲ್ಲಿ ಹೋಗುತ್ತದೆಂದು ನಾನು ಯೋಚಿಸಿರಲೇ ಇಲ್ಲ. ಹೊಲದ ಅಂಚಿನಲ್ಲಿ ಆಳೆತ್ತರ ಬೆಳೆದ ಪುಂಡಿಯನ್ನು ಕೊಯ್ದು, ಸಿವುಡು ಕಟ್ಟಿ, ಹಳ್ಳದಲ್ಲಿ ವಾರಗಟ್ಟಲೆ ಕೊಳೆಸುತ್ತಾರೆ. ಕೊಳೆತ ಮೇಲೆ ನಾರು ಸುಲಿದು ಎತ್ತಿನ ಹಗ್ಗ, ಮೂಗುದಾರ, ಬಲೆಯ ಅಂಚು ಎಲ್ಲ ಹೊಸೆಯುತ್ತಾರೆ. ಕೊಳೆಯುವ ಆ ದಂಟು ನೀರಿನ ಗಾಳಿಯನ್ನೆಲ್ಲ ಹೀರಿಬಿಡುತ್ತದೆ, ನೀರು ಹುಳಿಯಾಗುತ್ತದೆ. ನನ್ನ ನಕಾಶೆಯಲ್ಲಿ ಗಾಣ ಇತ್ತು, ಗಟಾರು ಇತ್ತು, ದನ ತೊಳೆಯುವ ಜಾಗವೂ ಇತ್ತು. ಊರೆಲ್ಲ ಮಾಡುವ ಈ ಕೆಲಸಕ್ಕೆ ಒಂದು ಗುರುತೂ ಇರಲಿಲ್ಲ.

"ಇದನ್ನ ಇಂದ ನಿನ್ನೆ ಮಾಡಿದ್ದಲ್ರಿ," ಎಂದಳು ಗಂಗವ್ವ. "ನಮ್ಮಜ್ಜನ ಕಾಲಕ್ಕೂ ಪುಂಡಿ ಇತ್ತು, ಮೀನಾನೂ ಇದ್ದು."

ಅದು ಸರಿಯಾದ ಪ್ರಶ್ನೆ. ಮಡುವಿನ ಪಕ್ಕದ ಹೊಲಗಳವರನ್ನು ವಿಚಾರಿಸಿದಾಗ ಬಿಡಿಸಿಕೊಂಡಿತು. ಆ ವರ್ಷ ಸೊಲ್ಲಾಪುರದ ಒಬ್ಬ ಹಗ್ಗದ ವ್ಯಾಪಾರಿ ಬಂದು ಎಷ್ಟು ನಾರಿದ್ದರೂ ಒಯ್ಯುತ್ತೇನೆ ಎಂದಿದ್ದ. ಮನೆಗೆ ಬೇಕಾದಷ್ಟು ಮಾತ್ರ ಬಿತ್ತುತ್ತಿದ್ದವರು ಹೊಲದ ಸುತ್ತಲೂ ಬಿತ್ತಿದ್ದರು. ಹಿಂಗಾರಿ ಮಳೆ ಕೈಕೊಟ್ಟು ಹಳ್ಳ ಎಳೆಯಷ್ಟೇ ಹರಿಯುತ್ತಿತ್ತು. ಒಂದೊಂದು ಸಿವುಡಿನ ಹೊಲಸನ್ನು ಹರಿಯುವ ನೀರು ತೊಳೆದುಕೊಂಡು ಹೋಗುತ್ತಿದ್ದ ಕಾಲ ಬೇರೆ, ಇದು ಬೇರೆ. ಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಸಿವುಡುಗಳು ಯಾರ್ಯಾರವು ಎಂದು ನಾನು ಕೇಳಿದ್ದಕ್ಕೆ "ಊರವು" ಎಂದಷ್ಟೇ ಹೇಳಿ ಮುಂದೆ ನಡೆದಳು.

ಆಮೇಲೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾನು ಈ ಬರಹವನ್ನು ನಿಲ್ಲಿಸಬೇಕೆಂದಿರುವ ಜಾಗ ಬೇರೆ. ಬೀಗದ ಆದೇಶ ರದ್ದಾಯಿತು. ಆಣೆಕಟ್ಟಿಗೆ ಕಲ್ಲು ತೆಗೆದ ಹಳೆಯ ಖಣಿಯೊಂದು ಹಳ್ಳದಿಂದ ದೂರ ಇತ್ತು. ತಳಕ್ಕೆ ಗಟ್ಟಿ ಕರಿಗಲ್ಲು, ಮಳೆಗೆ ತುಂಬಿದ ನೀರು ಎಲ್ಲಿಗೂ ಜಿನುಗುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಪುಂಡಿ ನೆನೆದದ್ದು ಅಲ್ಲಿ. ನಮ್ಮ ಕಚೇರಿಯ ನಕಾಶೆಯ ಪಕ್ಕದಲ್ಲಿ ಒಂದು ಪಂಚಾಂಗ ತೂಗುಬಿದ್ದಿತು. ಯಾವ ತಿಂಗಳಿಗೆ ಏನು ಬಿತ್ತುತ್ತಾರೆ, ಏನು ಕೊಯ್ಯುತ್ತಾರೆ, ಏನು ನೆನೆಹಾಕುತ್ತಾರೆ, ಕುರಿಯ ಉಣ್ಣೆ ಎಲ್ಲಿ ತೊಳೆಯುತ್ತಾರೆ ಎಂದು ಅದರಲ್ಲಿ ಬರೆಯುತ್ತ ಹೋದೆವು. ಹೊಸದಾಗಿ ಸೇರಿದವರಿಗೆ ನಾನು ಹೇಳುವುದಿಷ್ಟೇ. ಕಾರಖಾನೆಯ ಚಿಮಣಿ ದೂರದಿಂದಲೇ ಕಾಣುತ್ತದೆ, ಎಲ್ಲರೂ ಮಾಡುವ ಕೆಲಸ ಹತ್ತಿರ ಹೋದರೂ ಕಾಣುವುದಿಲ್ಲ. ಅದಕ್ಕಾಗಿ ಹಳ್ಳದ ಕೆಳಗಿನಿಂದ ಮೇಲಿನವರೆಗೆ ನಡೆಯಿರಿ, ಜೀಪಿನಿಂದ ಇಳಿಯಿರಿ. ಯಂತ್ರಗಳು ಈಗ ಬಹಳ ಬಂದಿವೆ, ಸಂತೋಷ. ಅವುಗಳಿಗೆ ಕಾಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಹಬ್ಬದ ಮುಂಚಿನ ದಿನ ಜೋಶಿ ಸಾಹೇಬರು ತಾವೇ ಹಳ್ಳದ ದಂಡೆಗೆ ಬಂದು ಕುರನೂರು ಸೇರಿ ಸುತ್ತಲಿನ ಮೂರೂರಿನ ಜನರನ್ನು ಕೂಡಿಸಿದರು. ಶೆಟ್ಟರನ್ನು ಯಾರೂ ಕರೆದಿರಲಿಲ್ಲ, ಅವರೂ ಬಂದರು. ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ಬೇವಿನ ಗಿಡದ ಕೆಳಗೆ ಬೇರೆಯಾಗಿ ನಿಂತರು. ಅವರಿಗೆ ಬೇಕಾದದ್ದು ಒಂದೇ. ತಮ್ಮ ಬಾಗಿಲಿಗೆ ಕರಿನೀರು ಎರಚಿದವರ ಬಾಯಿಂದ, ಎಲ್ಲರ ಎದುರಿಗೆ, 'ನಿಮ್ಮದು ತಪ್ಪಿಲ್ಲ' ಎಂಬ ಮಾತು.

ನಾನು ನೀರಿನ ವಿಷಯ ತಿಳಿಸಿ ಹೇಳಿದೆ. ಜನ ಸಿಟ್ಟಿಗೆದ್ದರು.

"ಹಗ್ಗ ಇಲ್ದ ಎತ್ತ ಹ್ಯಾಂಗ ಕಟ್ಟೂಣು?"

"ಪುಂಡಿ ಎಲ್ಲಿ ನೆನಿ ಹಾಕೂಣ್ರಿ, ನಿಮ್ಮ ಆಫೀಸಿನಾಗೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಖಣಿಯ ವಿಷಯ ಹೇಳಿದೆ. ಅದಕ್ಕೆ ಅಡ್ಡಿಯಿಲ್ಲ ಎಂದರು, ಮುಂದಿನ ವರ್ಷದಿಂದ. ಈಗ ನೀರಿನಲ್ಲಿರುವವು ಅರ್ಧ ಕೊಳೆತಿವೆ, ನೀರು ಕುಡಿದು ಕಲ್ಲಿನಷ್ಟು ಭಾರವಾಗಿವೆ, ಯಾರು ಎಳೆಯಬೇಕು? ನೀ ತೆಗಿ, ಆಮೇಲೆ ನಾ ತೆಗೀತೀನಿ ಎಂದು ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಒಂದು ಕಾಲೂ ನೀರಿನ ಕಡೆಗೆ ಹೋಗಲಿಲ್ಲ. ಮುಂದಿನ ವರ್ಷದವರೆಗೆ ಅಕ್ಕಲಕೋಟದವರು ಇದನ್ನೇ ಕುಡಿಯಬೇಕೇನು ಎಂದು ಕೇಳಿದೆ.

"ಮೊದಲ ನನ್ನ ವಿಷಯ ಮುಗಸ್ರಿ," ಎಂದರು ಶೆಟ್ಟರು ಗಿಡದ ಕೆಳಗಿನಿಂದ. "ನೀರ ಉಗ್ಗಿದವರು ಯಾರ ಅದಾರ, ಮುಂದ ಬರ್ಲಿ."

ಯಾರೂ ಮುಂದೆ ಬರಲಿಲ್ಲ. ಜನ ಕಾಲ ಕೆಳಗಿನ ಮಣ್ಣು ನೋಡುತ್ತ ನಿಂತರು.

ಆಗ ಗಂಗವ್ವ ಸೀರೆಯ ಕಚ್ಚೆ ಬಿಗಿದಳು. ಯಾರ ಕಡೆಗೂ ನೋಡದೆ ಮಡುವಿಗೆ ಇಳಿದಳು. "ಆ ಅತ್ತಿ ಗಿಡದ ಬುಡಕ ಇರೂವು ನಮ್ಮವು," ಎಂದಳು, ಗಟ್ಟಿಯಾಗಿ. "ಬಲಿ ಅಂಚಿಗೆ ಹಗ್ಗ ಬೇಕಂತ ನಾನ ಹಾಕೀನಿ." ಮೀನು ಹಿಡಿಯುವ ಬಲೆಗಾಗಿ ಆಕೆ ನೆನೆಹಾಕಿದ ಪುಂಡಿ ಅದು. ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಆಚೆ ಒಗೆದು, ಸಿವುಡಿನ ಒಂದು ತುದಿ ಹಿಡಿದು ಎಳೆದಳು. ಅದು ಕೆಸರಿನಲ್ಲಿ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಎಳೆದಳು. ಬರಲಿಲ್ಲ. ಸೊಂಟದವರೆಗೆ ಕರಿನೀರಿನಲ್ಲಿ ನಿಂತು, ಹಲ್ಲು ಕಚ್ಚಿ, ಒಬ್ಬಳೇ ಎಳೆಯುತ್ತಲೇ ಇದ್ದಳು.

ಬೇವಿನ ಗಿಡದ ಕೆಳಗೆ ಚಪ್ಪಲಿ ಬಿಟ್ಟ ಸಪ್ಪಳ ಕೇಳಿತು. ಶೆಟ್ಟರು ಕೋಟು ತೆಗೆದು ಟೊಂಗೆಗೆ ಹಾಕಿ, ಆ ಧೋತರದಲ್ಲೇ ಹಳ್ಳಕ್ಕೆ ಇಳಿದು, ಸಿವುಡಿನ ಇನ್ನೊಂದು ತುದಿ ಹಿಡಿದರು. ಗಂಗವ್ವ ಒಮ್ಮೆ ತಲೆ ಎತ್ತಿ ನೋಡಿದಳು. ಸಿವುಡು ಎದ್ದು ದಂಡೆಗೆ ಬಂತು. ಎರಡನೆಯದಕ್ಕೆ ಬಾಗಿದಾಗ ಸುತ್ತಲೂ ನೀರು ಚಿಮ್ಮುವ ಸಪ್ಪಳ. ಅಷ್ಟು ಹೊತ್ತು ಮಣ್ಣು ನೋಡುತ್ತ ನಿಂತವರೆಲ್ಲ ಮಡುಗಳಿಗೆ ಇಳಿದಿದ್ದರು. ಬಂಡಿಗಳು ಬಂದವು. ಸಂಜೆಯವರೆಗೆ ಖಣಿಗೆ ಹೊರೆ ಹೋಗುತ್ತಲೇ ಇತ್ತು. ಜೋಶಿ ಸಾಹೇಬರು ಪ್ಯಾಂಟು ಮಡಚಿಕೊಂಡು ದಂಡೆಯ ಮೇಲೆ ಓಡಾಡುತ್ತ "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತು, ವಾಸನೆಯ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಎಲ್ಲ ಮುಗಿದ ಮೇಲೆ ಶೆಟ್ಟರು ದಂಡೆಗೆ ಬಂದರು. ಧೋತರ ಸೊಂಟದ ಕೆಳಗೆಲ್ಲ ಕರ್ರಗಾಗಿ ನಾರುತ್ತಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು ನನಗೆ ತೋರಿಸಿದರು.

"ಮ್ಯಾಡಮ್, ನಾ ಬಣ್ಣದ ವ್ಯಾಪಾರಿ. ಆದ್ರ ಈ ಬಣ್ಣ ನಂದಲ್ಲಂತ ಒಂದ ರಿಪೋರ್ಟ ಬರದು ಕೊಡ್ರಿ."

ಜನರೆಲ್ಲ ನಕ್ಕರು. ಗಂಗವ್ವ ನಗಲಿಲ್ಲ. ಸೆರಗು ಹಿಂಡಿಕೊಳ್ಳುತ್ತ ಹತ್ತಿರ ಬಂದು, ಆ ಧೋತರದ ಕಡೆಗೆ ನೋಡಿ, ಬಹಳ ಮೆಲ್ಲಗೆ ಹೇಳಿದಳು:

"ಮನೀಗೆ ಹೋಗಿ ಕಳಸ್ರಿ ಶೆಟ್ಟರ, ನಾ ಒಗದು ಕೊಡ್ತೀನಿ. ನಿಮ್ಮ ಬಾಗಲಾನೂ ನಾಳಿ ಮುಂಜಾನಿ ನಾನ ಬಂದು ಸಾರಸ್ತೀನಿ."